ಊರಿನ ದಾರಿಯಲ್ಲಿ ನಿಂತುಹೋದ ಪಯಣ: ಶಂಕರ್ ನಾಗ್ ಸ್ಮರಣೆ

ಗಣೇಶ ಚತುರ್ಥಿಗೆ ಊರಿಗೆ ಹೋದ ನಮ್ಮ ಬೇಲಾಪುರದ ಕನ್ನಡ ಕುಟುಂಬಗಳು ಹಿಂತಿರುಗಿ, ಮಕ್ಕಳು ಶಾಲೆಗೆ, ಹಿರಿಯರು ಕಚೇರಿಗೆ ಹೊಂದಿಕೊಳ್ಳುವಷ್ಟರಲ್ಲಿ ಸೆಪ್ಟೆಂಬರ್ ತಿಂಗಳು ಮುಗಿಯಲು ಬಂದಿರುತ್ತದೆ. ಆ ತಿಂಗಳ ಕೊನೆಯ ದಿನ ಶಂಕರ್ ನಾಗ್ ಅವರು ನಮ್ಮನ್ನಗಲಿದ ದಿನ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಸಮೀಪದ ಆನಗೋಡಿನಲ್ಲಿ ನಡೆದ ರಸ್ತೆ ಅಪಘಾತ ಅವರನ್ನು ಕನ್ನಡಿಗರಿಂದ ಕಸಿದುಕೊಂಡಿತು. ಅಂದು ಅವರಿಗಿನ್ನೂ 36 ತುಂಬಿರಲಿಲ್ಲ.

ಅವರ ನಟನೆ, ನಿರ್ದೇಶನ, ಕನಸುಗಾರಿಕೆಗಳ ಕುರಿತು ಬೇಕಾದಷ್ಟು ಲೇಖನಗಳು ಬಂದಿವೆ. ನಾವು ಇಲ್ಲಿ ಅವರ ಬದುಕನ್ನು ರಸ್ತೆಯ ಬದಿಯಿಂದ ನೋಡಲು ಹೊರಟಿದ್ದೇವೆ. ಅದಕ್ಕೊಂದು ಕಾರಣವಿದೆ. ಆನಗೋಡು ನಮಗೆ ದೂರದ ಊರಲ್ಲ. ನಮ್ಮ ಮಗ್ಗುಲಿನ ಪನವೇಲಿನಿಂದ ಹೊರಟು ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳನ್ನು ಹಾದು ಬೆಂಗಳೂರಿನತ್ತ ಸಾಗುವ ಹೆದ್ದಾರಿಯ ಮೇಲೆಯೇ ಅದು ಇದೆ. ಅಂದು ಅದಕ್ಕೆ ರಾಷ್ಟ್ರೀಯ ಹೆದ್ದಾರಿ 4 ಎಂದು ಹೆಸರು, ಇಂದು 48. ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ ಕಡೆಯ ನಮ್ಮವರು ವರ್ಷಕ್ಕೆ ಎರಡು ಮೂರು ಸಲವಾದರೂ ಸಂಚರಿಸುವ ದಾರಿ ಇದು.

ಶಂಕರ್ ನಾಗ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದಲ್ಲಿ. ನಾಗರಕಟ್ಟೆ ಎಂಬ ಕೊಂಕಣಿ ಮನೆತನ. ತಂದೆ ಸದಾನಂದ, ತಾಯಿ ಆನಂದಿ. ಅಣ್ಣ ಅನಂತನಾಗ್. ಕರಾವಳಿಯ ಎಷ್ಟೋ ಮನೆಗಳ ಮಕ್ಕಳಂತೆ ಇವರೂ ಮುಂಬಯಿಯ ಹಾದಿ ಹಿಡಿದರು. ಅಣ್ಣ ಮೊದಲು ಬಂದರು, ತಮ್ಮ ಹಿಂಬಾಲಿಸಿದರು. ಕಾಲ ಎಪ್ಪತ್ತರ ದಶಕ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿಮುಂಬಯಿ ಇನ್ನೂ ನಕಾಶೆಯ ಮೇಲಿದ್ದ ದಿನಗಳವು. ನಮ್ಮ ಬೇಲಾಪುರ ಆಗ ಕೋಟೆಯೊಂದರ ಅವಶೇಷ, ಗದ್ದೆ ಮತ್ತು ಖಾಡಿಯ ಊರು. ಮುಂಬಯಿ ಎಂದರೆ ದಾದರ್, ಮಾಟುಂಗಾ, ಗಿರ್‌ಗಾಂವ್.

ಆ ಮುಂಬಯಿಯ ರಂಗಭೂಮಿ ಶಂಕರ್ ಅವರನ್ನು ರೂಪಿಸಿತು. ಕನ್ನಡಕ್ಕೆ ಬರುವ ಮೊದಲು ಅವರು ಮರಾಠಿ ನಾಟಕಗಳಲ್ಲಿ ಪಳಗಿದರು. ಚಾಪೇಕರ್ ಸಹೋದರರ ಕಥೆ ಹೇಳುವ, 1979ರ ಮರಾಠಿ ಚಿತ್ರ 22 ಜೂನ್ 1897ಕ್ಕೂ ಅವರ ದುಡಿಮೆ ಸಂದಿದೆ. ಮುಂದೆ ಬಾಳ ಸಂಗಾತಿಯಾದ ಅರುಂಧತಿಯವರ ಪರಿಚಯವಾದದ್ದೂ ಇಲ್ಲಿಯ ರಂಗಭೂಮಿಯಲ್ಲೇ. ಶಂಕರ್ ನಾಗ್ ಅವರನ್ನು ಒಳನಾಡಿನವರು ತಮ್ಮವರೆನ್ನುವುದು ಸರಿಯೇ. ಆದರೆ ಅವರ ನಾಟಕದ ಅಕ್ಷರಾಭ್ಯಾಸ ಮುಂಬಯಿಯಲ್ಲಿ ಆಯಿತೆಂದು ನಾವು ಸ್ವಲ್ಪ ಅಭಿಮಾನಪಟ್ಟುಕೊಂಡರೆ ಯಾರೂ ಆಕ್ಷೇಪಿಸಲಾರರು.

1978ರಲ್ಲಿ ಗಿರೀಶ ಕಾರ್ನಾಡರ ಒಂದಾನೊಂದು ಕಾಲದಲ್ಲಿ ಚಿತ್ರದ ಗಂಡುಗಲಿಯಾಗಿ ಅವರು ಕನ್ನಡ ತೆರೆಗೆ ಬಂದರು. ಕತ್ತಿ ಹಿಡಿದು ಕೂಲಿಗೆ ಕಾದುವ ಯೋಧನ ಪಾತ್ರ. ಮೊದಲ ಚಿತ್ರಕ್ಕೇ ದೆಹಲಿಯಲ್ಲಿ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಲಭಿಸಿತು. ಅಲ್ಲಿಂದ ಮುಂದಿನ 12 ವರ್ಷಗಳ ಲೆಕ್ಕವನ್ನು ನೋಡಿದರೆ ಈಗಲೂ ಬೆರಗಾಗುತ್ತದೆ: ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯ, ಜೊತೆಗೆ ನಿರ್ದೇಶನ, ಕಿರುತೆರೆ, ಸಂಕೇತ್ ತಂಡದ ನಾಟಕಗಳು.

ಅವರ ಚಿತ್ರಗಳ ಪಟ್ಟಿಯಲ್ಲಿ ವಾಹನಗಳಿಗೆ ವಿಶೇಷ ಸ್ಥಾನವಿರುವುದು ನಮ್ಮ ಗಮನಕ್ಕೆ ಬಂದದ್ದು ಇತ್ತೀಚೆಗೆ. 1980ರಲ್ಲಿ ಅವರು ನಿರ್ದೇಶಿಸಿದ ಮಿಂಚಿನ ಓಟ ಕಾರು ಕಳ್ಳರ ಕಥೆ. ಅದೇ ವರ್ಷದ ಆಟೋ ರಾಜ ಅವರನ್ನು ಆಟೋರಿಕ್ಷಾ ಚಾಲಕರ ಆರಾಧ್ಯ ನಾಯಕನನ್ನಾಗಿ ಮಾಡಿತು. ಖಾಕಿ ಅಂಗಿ ತೊಟ್ಟು ದಿನವಿಡೀ ಹೊಗೆ ಕುಡಿಯುವವರು, ಬಾಡಿಗೆಯ ವಿಚಾರದಲ್ಲಿ ಎಲ್ಲರಿಂದ ಮಾತು ಕೇಳುವವರು ತೆರೆಯ ಮೇಲೆ ಮೊದಲ ಬಾರಿಗೆ ತಮ್ಮಂಥ ನಾಯಕನನ್ನು ಕಂಡರು. ಕರ್ನಾಟಕದ ಊರೂರಿನ ಆಟೋ ನಿಲ್ದಾಣಗಳಿಗೆ ಇಂದಿಗೂ ಅವರ ಹೆಸರಿದೆ. ಅವರ ಕಾಲಾನಂತರ ಹುಟ್ಟಿದ ಹುಡುಗರೂ ತಮ್ಮ ಆಟೋದ ಬೆನ್ನಿಗೆ ಅವರ ಚಿತ್ರ ಬರೆಸುತ್ತಾರೆ. ಇಂಥ ಪ್ರೀತಿ ಹಣ ಕೊಟ್ಟು ಪಡೆಯುವಂಥದ್ದಲ್ಲ.

ಆದರೆ ನಾವು ಓದುಗರ ಗಮನ ಸೆಳೆಯಬಯಸುವುದು 1985ರ ಆಕ್ಸಿಡೆಂಟ್ ಚಿತ್ರದ ಕಡೆಗೆ. ನಿರ್ದೇಶನ ಶಂಕರ್ ನಾಗ್ ಅವರದು. ತಾವೇ ಪತ್ರಕರ್ತನ ಪಾತ್ರವನ್ನು ವಹಿಸಿದರು. ಇಳಯರಾಜಾ ಅವರ ಸಂಗೀತವಿದ್ದರೂ ಅಂದಿನ ವಾಡಿಕೆಯ ಪ್ರೇಮಗೀತೆ, ಕುಣಿತಗಳಿಗೆ ಅಲ್ಲಿ ಎಡೆಯಿಲ್ಲ. ಉತ್ತರ ಕರ್ನಾಟಕದಿಂದ ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಬಂದ ಕೂಲಿಕಾರರು ರಾತ್ರಿ ರಸ್ತೆಯ ಬದಿಯಲ್ಲಿ ಮಲಗಿದ್ದಾರೆ. ಅಮಲಿನಲ್ಲಿ ಕಾರು ಓಡಿಸುತ್ತಿದ್ದ ಶ್ರೀಮಂತರ ಮಗ ಅವರ ಮೇಲೆ ಕಾರು ಹರಿಸುತ್ತಾನೆ. ಹುಡುಗನ ತಂದೆ ರಾಜಕಾರಣಿ. ಆ ಪಾತ್ರದಲ್ಲಿ ಅನಂತನಾಗ್. ಸತ್ತವರಿಗೆ ಹೆಸರಿಲ್ಲ, ವಿಳಾಸವಿಲ್ಲ. ಕೊಂದವನಿಗೆ ಎಲ್ಲವೂ ಇದೆ. ಸತ್ಯ ಹೇಗೆ ಮುಚ್ಚಿಹೋಗುತ್ತದೆ, ಯಾರು ಯಾರು ಅದಕ್ಕೆ ಕೈಗೂಡಿಸುತ್ತಾರೆ ಎಂಬುದನ್ನು ಚಿತ್ರ ತಣ್ಣಗೆ, ಒಂದಿಷ್ಟೂ ಎತ್ತರದ ದನಿಯಿಲ್ಲದೆ ತೋರಿಸುತ್ತದೆ. ಸಾಮಾಜಿಕ ಸಮಸ್ಯೆಗಳ ಕುರಿತ ಶ್ರೇಷ್ಠ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು.

ನಲವತ್ತು ವರ್ಷ ಹಳೆಯದಾದ ಈ ಚಿತ್ರವನ್ನು ಈಗ ನೋಡಿದವರಿಗೆ, ನಿನ್ನೆಯ ಪತ್ರಿಕೆಯ ಸುದ್ದಿಯೊಂದನ್ನು ತೆರೆಗೆ ತಂದಂತೆ ಅನಿಸುವುದು ಸಹಜ. ಮುಂಬಯಿ, ಠಾಣೆ, ಪುಣೆಗಳಲ್ಲಿ ದೊಡ್ಡ ಕಾರು, ತಡರಾತ್ರಿ, ಪ್ರಭಾವಿ ತಂದೆ ಎಂಬ ಮೂರು ಸೇರಿದ ಪ್ರಕರಣಗಳನ್ನು ನಾವು ಓದುತ್ತಲೇ ಇದ್ದೇವೆ. ನಮ್ಮ ಮಕ್ಕಳಿಗೆ 18 ತುಂಬಿ ಕಾರಿನ ಬೀಗದ ಕೈ ಕೇಳುವ ದಿನ ಈ ಚಿತ್ರವನ್ನು ಮನೆಮಂದಿಯೆಲ್ಲ ಕುಳಿತು ನೋಡುವುದು ಒಳ್ಳೆಯದೆಂದು ನಮಗೆ ಅನಿಸುತ್ತದೆ. ಚಾಲನಾ ತರಬೇತಿಯ ಶಾಲೆಯಲ್ಲಿ ಗೇರು, ಕ್ಲಚ್ಚು ಕಲಿಸುತ್ತಾರೆ. ಗಾಜಿನಾಚೆ ಮಲಗಿರುವವನೂ ಮನುಷ್ಯ ಎಂಬುದನ್ನು ಕಲಿಸಲು ಅಲ್ಲಿ ಸಮಯವಿರುವುದಿಲ್ಲ.

ಆಕ್ಸಿಡೆಂಟ್ ಮುಗಿದ ಮೇಲೆ ಶಂಕರ್ ನಾಗ್ ಆಗುಂಬೆಯ ಮಳೆಯೂರಿಗೆ ಹೊರಟರು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ 1986-87ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ಮಾಲ್ಗುಡಿ ಡೇಸ್ ದೇಶದ ಮೂಲೆಮೂಲೆಯನ್ನು ತಲುಪಿತು. ನಮ್ಮ ಕಟ್ಟಡದ ಮರಾಠಿ, ಗುಜರಾತಿ ನೆರೆಯವರು ಶಂಕರ್ ನಾಗ್ ಎಂದರೆ ಈಗಲೂ ನೆನೆಯುವುದು ಅದನ್ನೇ. ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಸ್ಟುಡಿಯೊ ಕಟ್ಟಿದರು. ಒಂದು ಹಾಡು ಮುದ್ರಿಸಲು ಮದರಾಸಿಗೆ ಓಡಬೇಕಾದ ಪರಿಸ್ಥಿತಿ ತಪ್ಪಲೆಂಬುದು ಅವರ ಆಸೆ. 1987ರಲ್ಲಿ ಡಾ. ರಾಜಕುಮಾರ್ ಅವರನ್ನು ಒಂದು ಮುತ್ತಿನ ಕಥೆಯಲ್ಲಿ ನಿರ್ದೇಶಿಸಿದರು. ನಂದಿಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೊ ರೈಲು ಎಂದೆಲ್ಲ ಯೋಜನೆಗಳನ್ನು ಕಾಗದಕ್ಕಿಳಿಸಿ ಸರ್ಕಾರದ ಬಾಗಿಲು ತಟ್ಟಿದ ಸಂಗತಿಯನ್ನು ಅವರ ಹತ್ತಿರದವರು ಹೇಳುತ್ತ ಬಂದಿದ್ದಾರೆ. ಹಗಲು ಒಂದು ಚಿತ್ರದ ಸೆಟ್ಟು, ಸಂಜೆ ನಾಟಕದ ತಾಲೀಮು, ರಾತ್ರಿ ಸ್ಟುಡಿಯೊ. ಇವೆಲ್ಲದರ ನಡುವೆ ಪ್ರಯಾಣ.

ಆ 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಜೋಕುಮಾರಸ್ವಾಮಿ ಚಿತ್ರದ ಕೆಲಸಕ್ಕಾಗಿ ಉತ್ತರ ಕರ್ನಾಟಕದ ಕಡೆಗೆ ಅವರ ಕಾರು ಸಾಗುತ್ತಿತ್ತು. ಜೊತೆಯಲ್ಲಿ ಪತ್ನಿ ಅರುಂಧತಿ, ಪುಟ್ಟ ಮಗಳು ಕಾವ್ಯ. ಆನಗೋಡಿನ ಬಳಿ ಕಾರು ಲಾರಿಗೆ ಅಪ್ಪಳಿಸಿತು. ಶಂಕರ್ ನಾಗ್ ಉಳಿಯಲಿಲ್ಲ. ತಾಯಿ, ಮಗಳು ಗಾಯಗೊಂಡು ಬದುಕಿದರು. ಅರುಂಧತಿಯವರಿಗೆ ತೀವ್ರ ಪೆಟ್ಟಾಗಿ, ಚೇತರಿಸಿಕೊಳ್ಳಲು ಬಹುಕಾಲ ಹಿಡಿಯಿತು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಹೆದ್ದಾರಿಗೆ ನಡುವಣ ವಿಭಜಕವಿರಲಿಲ್ಲ. ಹೋಗುವವರೂ ಬರುವವರೂ ಒಂದೇ ಡಾಂಬರಿನ ಮೇಲೆ ಎದುರುಬದುರಾಗುತ್ತಿದ್ದರು. ಚತುಷ್ಪಥವಾದದ್ದು ಸುವರ್ಣ ಚತುಷ್ಕೋನ ಯೋಜನೆ ಬಂದ ನಂತರ, ಹೊಸ ಶತಮಾನದಲ್ಲಿ.

ಆ ಅಪಘಾತದಲ್ಲಿ ತಪ್ಪು ಯಾರದೆಂದು ವಿಚಾರಿಸುವುದು ನಮ್ಮ ಕೆಲಸವಲ್ಲ. ಆದರೆ ಆ ವೇಳೆಯ ಕುರಿತು ಒಂದು ಮಾತು. ನಡುರಾತ್ರಿ ಕಳೆದ ಮೇಲೆ ಬೆಳಕು ಹರಿಯುವ ತನಕದ ಹೊತ್ತಿನಲ್ಲಿ ಮನುಷ್ಯನ ದೇಹ ನಿದ್ರೆಯನ್ನು ಬೇಡುತ್ತದೆ. ಕಾಫಿ, ಹಾಡು, ಕಿಟಕಿಯ ಗಾಳಿ ಯಾವುದೂ ಅದಕ್ಕೆ ಬಹಳ ಹೊತ್ತು ತಡೆಯೊಡ್ಡಲಾರದು. ಕಣ್ಣು ಎರಡು ಮೂರು ಸೆಕೆಂಡು ಮುಚ್ಚಿದರೆ ಸಾಕು, ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ 50 ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ನಮ್ಮ ಬಳಗದಲ್ಲಿ ಕೆಲವರಿಗೆ ಒಂದು ಬಗೆಯ ಹೆಮ್ಮೆಯಿದೆ: ರಾತ್ರಿ ಊಟ ಮುಗಿಸಿ ಬೇಲಾಪುರ ಬಿಟ್ಟೆವು, ಬೆಳಗಿನ ತಿಂಡಿಗೆ ಹುಬ್ಬಳ್ಳಿ ಎಂದು. ಅದೂ ದಿನವಿಡೀ ಕಚೇರಿಯಲ್ಲಿ ದುಡಿದವರು, ಹಿಂದಿನ ಸೀಟಿನಲ್ಲಿ ಹೆಂಡತಿ ಮಕ್ಕಳನ್ನು ಮಲಗಿಸಿಕೊಂಡು! ಒಂದು ರಜೆ ಉಳಿಸಲು ಮಾಡುವ ಈ ಸಾಹಸವನ್ನು ನಾವಂತೂ ಮೆಚ್ಚಲಾರೆವು. ನಮ್ಮ ಪಾಲಿಗೆ ಕೊಲ್ಹಾಪುರದಲ್ಲೋ ಬೆಳಗಾವಿಯಲ್ಲೋ ಒಂದು ರಾತ್ರಿ ತಂಗುವ ಖರ್ಚು ದೊಡ್ಡದೇನಲ್ಲ.

ಪತಿಯ ಅಗಲಿಕೆಯ ನಂತರ ಅರುಂಧತಿ ನಾಗ್ ಅವರು ಮಾಡಿದ ಕೆಲಸ ಕನ್ನಡಿಗರೆಲ್ಲ ಬಲ್ಲದ್ದೇ. ರಂಗಭೂಮಿಗಾಗಿಯೇ ಮೀಸಲಾದ ಒಂದು ರಂಗಮಂದಿರ ಬೇಕೆಂಬ ಕನಸನ್ನು ಅವರು ಹದಿನಾಲ್ಕು ವರ್ಷ ಹೊತ್ತು ತಿರುಗಿದರು. 2004ರ ಅಕ್ಟೋಬರಿನಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ರಂಗಶಂಕರ ಬಾಗಿಲು ತೆರೆಯಿತು. 2010ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಅದೇ ಜೆ.ಪಿ. ನಗರದ ಇನ್ನೊಂದು ಬದಿಯಲ್ಲಿ 2021ರ ಜೂನ್ ತಿಂಗಳ ಒಂದು ರಾತ್ರಿ ರಂಗಭೂಮಿಯಿಂದಲೇ ಬಂದ ಮತ್ತೊಬ್ಬ ಕಲಾವಿದನನ್ನು ಕನ್ನಡ ಕಳೆದುಕೊಂಡಿತು. ನಾನು ಅವನಲ್ಲ ಅವಳು ಚಿತ್ರಕ್ಕಾಗಿ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದಿದ್ದ ಸಂಚಾರಿ ವಿಜಯ್ ಸ್ನೇಹಿತನ ಬೈಕಿನ ಹಿಂಬದಿಯಲ್ಲಿ ಕುಳಿತಿದ್ದರು. ಬಿದ್ದ ಪೆಟ್ಟು ತಲೆಗೆ. ಮೆದುಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ವಿಜಯ್ ಅವರಿಗೆ 37. ಶಂಕರ್ ನಾಗ್ ಅವರಿಗಿಂತ ಎರಡು ವರ್ಷ ಹೆಚ್ಚು ಬದುಕಿದರು, ಅಷ್ಟೇ.

ಇವರಿಬ್ಬರನ್ನು ಒಟ್ಟಿಗೆ ನೆನೆಯುವಾಗ ನಮ್ಮ ಮನಸ್ಸು ನಮ್ಮ ಊರಿನ ಯುವಕರ ಕಡೆಗೆ ಹೊರಳುತ್ತದೆ. ಕಾರಿನವನಿಗೆ ಸುತ್ತಲೂ ತಗಡಿನ ಕವಚವಾದರೂ ಇದೆ, ಬೈಕಿನವನಿಗೆ ಅದೂ ಇಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ಲೆಕ್ಕ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ರಷ್ಟು ದ್ವಿಚಕ್ರ ವಾಹನದವರು. ಹೆಲ್ಮೆಟ್ಟಿನ ವಿಚಾರ ಬಂದಾಗ ಹಳೆಯ ಒಂದು ಪ್ರಸಂಗ ನೆನಪಾಗುತ್ತದೆ. ಅರೇಬಿಯಾದ ಲಾರೆನ್ಸ್ ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿದಾರಿಯಲ್ಲಿ ಸೈಕಲ್ ಹುಡುಗರಿಬ್ಬರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲಿನಿಂದ ಬಿದ್ದು, ಕೆಲವು ದಿನಗಳಲ್ಲಿ ಅಸುನೀಗಿದರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರಚಿಕಿತ್ಸಕರೂ ಇದ್ದರು. ಆ ಸಾವನ್ನು ಕೇರ್ನ್ಸ್ ಮರೆಯಲಿಲ್ಲ. ಎರಡನೆಯ ಮಹಾಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನಲ್ಲಿ 2,279 ಮೋಟಾರ್ ಸೈಕಲ್ ಸವಾರರು ಸತ್ತದ್ದನ್ನು ಎತ್ತಿ ತೋರಿಸಿ, ಹೆಲ್ಮೆಟ್ ಧರಿಸಿದವರು ಬದುಕುಳಿದದ್ದನ್ನು ಅವರು 1941ರಲ್ಲಿ ಬರೆದರು. ಆ ವರ್ಷವೇ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಅದನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ. ಹಿಂದೆ ಕೂರುವವರೂ ಅದಕ್ಕೆ ಹೊರತಲ್ಲ. ಆದರೂ ಮೊಣಕೈಗೆ ಹೆಲ್ಮೆಟ್ ತೂಗಿಸಿಕೊಂಡು ಪೊಲೀಸರು ಕಂಡಾಗ ಮಾತ್ರ ತಲೆಗೇರಿಸುವವರನ್ನು ನಮ್ಮ ಸೆಕ್ಟರುಗಳಲ್ಲಿ ದಿನವೂ ಕಾಣುತ್ತೇವೆ. ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದ ಕ್ಷಣವೇ ಹಾರಿಹೋಗುತ್ತದೆ. ಅದನ್ನು ಹಾಕಿಕೊಂಡೂ ಪ್ರಯೋಜನವಿಲ್ಲ.

ವಾಶಿಯಿಂದ ಬೇಲಾಪುರಕ್ಕೆ ಬರುವ ಪಾಮ್ ಬೀಚ್ ರಸ್ತೆಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ನೇರವಾದ ಅಗಲ ರಸ್ತೆ, ಪಕ್ಕದಲ್ಲಿ ಖಾಡಿಯ ಗಾಳಿ. ರಾತ್ರಿ ಹತ್ತರ ಮೇಲೆ ಅಲ್ಲಿ ಕಾರುಗಳ ಓಟ ನೋಡಿದರೆ ಎದೆ ಝಲ್ಲೆನ್ನುತ್ತದೆ. ಉರಣ ಫಾಟಾದ ಕಡೆಗೆ ಬಂದರೆ ಜವಾಹರಲಾಲ್ ನೆಹರೂ ಬಂದರಿನ ಕಂಟೇನರ್ ಟ್ರೇಲರುಗಳು. ಇವುಗಳ ನಡುವೆ ನುಸುಳುವ ನಮ್ಮ ಹುಡುಗ ಹುಡುಗಿಯರು ಒಂದು ಸಂಗತಿಯನ್ನು ತಿಳಿದಿರಬೇಕು. ಅನೇಕ ಅಪಘಾತಗಳಲ್ಲಿ ಕಾರಿನವನು ಬೈಕನ್ನು ಕಂಡಿರುವುದೇ ಇಲ್ಲ. ಮುಂಗನ್ನಡಿಯ ಪಕ್ಕದ ಕಂಬವೇ ಒಂದು ಬೈಕನ್ನು ಪೂರ್ತಿ ಮರೆಮಾಡಬಲ್ಲದು. ಕಂಡರೂ, ಸಣ್ಣ ವಸ್ತು ಇನ್ನೂ ದೂರದಲ್ಲಿದೆ, ನಿಧಾನವಾಗಿ ಬರುತ್ತಿದೆ ಎಂದೇ ಕಣ್ಣು ಭ್ರಮಿಸುತ್ತದೆ. ಆ ಭ್ರಮೆಯಲ್ಲೇ ಕಾರು ಅಡ್ಡ ತಿರುಗಿಬಿಡುತ್ತದೆ. ಆದುದರಿಂದ ತಿರುವಿನಲ್ಲಿ ಕಾರಿನ ಚಾಲಕನ ಮುಖ ತನಗೆ ಕಾಣುವವರೆಗೆ, ಅವನಿಗೆ ತಾನು ಕಂಡಿಲ್ಲವೆಂದೇ ಸವಾರ ಭಾವಿಸುವುದು ಕ್ಷೇಮ. ಟ್ರೇಲರಿನ ಎಡಬದಿಗೆ ಹೊಂದಿಕೊಂಡು ಹೋಗುವುದಂತೂ ಬೇಡವೇ ಬೇಡ. ಆ ಜಾಗ ಅದರ ಚಾಲಕನ ಕನ್ನಡಿಗೆ ಬೀಳುವುದೇ ಇಲ್ಲ. ನಿಂತ ಕಾರುಗಳ ಸಾಲನ್ನು ದಾಟುವಾಗ ಬಾಗಿಲೊಂದು ತೆರೆದುಕೊಳ್ಳುವಷ್ಟು ಅಂತರ ಬಿಡಬೇಕು. 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಹಗಲಿನಲ್ಲೂ ಉರಿಯುತ್ತಿರುವುದು ಕಾರಿನವರ ಕಣ್ಣಿಗೆ ಬೀಳಲೆಂದೇ. ಅದನ್ನು ಕಂಡು ಕೈಸನ್ನೆಯಿಂದ ಎಚ್ಚರಿಸುವ ಹಿರಿಯರು ಇನ್ನು ಸುಮ್ಮನಿರಬಹುದು!

ಕಾರಿನವರಾದ ನಮ್ಮ ಪಾಲೂ ಇದೆ. ಕಾರಿನಿಂದಿಳಿಯುವಾಗ ಬಲಬದಿಯ ಬಾಗಿಲನ್ನು ಎಡಗೈಯಿಂದ ತೆರೆಯುವ ರೂಢಿ ಮಾಡಿಕೊಂಡರೆ ಮೈ ತಾನಾಗಿ ತಿರುಗಿ, ಹಿಂದಿನಿಂದ ಬರುವ ಬೈಕು ಕಣ್ಣಿಗೆ ಬೀಳುತ್ತದೆ. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಪೊಲೀಸು, ಕೋರ್ಟು ಎಂದು ಹೆದರಿ ಮುಂದೆ ಸಾಗಬೇಕಾಗಿಯೂ ಇಲ್ಲ. ಗಾಯಾಳುವಿಗೆ ನೆರವಾದವರನ್ನು ಕಾಡಬಾರದೆಂಬ ರಕ್ಷಣೆಯನ್ನು 2019ರ ತಿದ್ದುಪಡಿ ಕಾಯಿದೆಯೊಳಗೇ ಸೇರಿಸಿದೆ. ಹೆಸರು, ವಿಳಾಸ ಕೊಡುವುದೂ ಅವರ ಇಚ್ಛೆಗೆ ಬಿಟ್ಟದ್ದು. 1990ರಲ್ಲಿ ಇಂಥ ಕಾನೂನು ಇರಲಿಲ್ಲ.

ಅನಂತನಾಗ್ ಅವರು ತಮ್ಮನ ಬಗ್ಗೆ ನನ್ನ ತಮ್ಮ ಶಂಕರ ಎಂಬ ಪುಸ್ತಕ ಬರೆದಿದ್ದಾರೆ. ಆಕ್ಸಿಡೆಂಟ್ ಚಿತ್ರದಲ್ಲಿ ಎದುರುಬದುರಾಗಿ ನಿಂತ ಅಣ್ಣ ತಮ್ಮಂದಿರಲ್ಲಿ ಅಣ್ಣನಿಗೆ 2025ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಾಗ ವಯಸ್ಸು 76. ಬೆಂಗಳೂರಿನ ಆಟೋಗಳ ಬೆನ್ನ ಮೇಲೆ ತಮ್ಮನಿಗೆ ಈಗಲೂ 35.